ಕೇಳಿ ತಗೊಂಡ ಕೆಂಪು ಬಸ್ಸು

ಮುನಿಆಂಜನಪ್ಪನವರನ್ನು ನಾನು ಮೊದಲ ದಿನವೇ ಬೈದಿದ್ದೆ. ಅದನ್ನು ಮುಚ್ಚಿಟ್ಟು ಅವರ ಕಥೆ ಹೇಳಿದರೆ ನನಗೇ ನಾಚಿಕೆ.

೨೦೦೪ರ ಜೂನ್ ಇರಬೇಕು. ಹಲಸೂರಿನ ಬಜಾರ್ ಬೀದಿಯ ಹಿಂದಿನ ಗಲ್ಲಿಯಲ್ಲಿ ನಾನು ಸೈಬರ್ ಕೆಫೆ ತೆರೆದು ಒಂದು ವರ್ಷವಾಗಿತ್ತು. ಆರು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಹಳೇ ಟೇಬಲ್ ಫ್ಯಾನು. ಇವೆಲ್ಲ ಸೇರಿ ಮಾಡುವ ಸದ್ದಿಗಿಂತ ನನ್ನ ಬಾಯಿಯ ಸದ್ದೇ ಜಾಸ್ತಿ ಅಂತ ನಮ್ಮ ಯಜಮಾನರು ಪಂಚಾಕ್ಷರಿ ಆಡಿಕೊಳ್ಳುತ್ತಿದ್ದರು. ನಾನು ದಾವಣಗೆರೆಯವಳು. ಮೆತ್ತಗೆ ಮಾತಾಡುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

ಅವತ್ತು ಮಧ್ಯಾಹ್ನ ಐವತ್ತು ದಾಟಿದ ಒಬ್ಬರು ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತು ಗಾಜಿನಾಚೆಯಿಂದ ಒಳಗೆ ನೋಡುತ್ತಿದ್ದರು. ಒಳಗೆ ಯಾರೋ ಬಸ್ಸು ಓಡಿಸುವ ಆಟ ಆಡುತ್ತಿದ್ದರು.

“ಏನ್ರೀ, ಮೆಟ್ಟಿಲ ಮೇಲೆ ಕೂತ್ಕೊಂಡ್ರೆ ಜನ ಒಳಗೆ ಹೆಂಗ್ ಬರ್ಬೇಕು? ನಿಮ್ಮನೆ ಜಗಲಿ ಅಂದ್ಕೊಂಡ್ರಾ?” ಅಂದೆ.

ಅವರು ತಟ್ಟನೆ ಎದ್ದರು. ಆದರೆ ಹೋಗಲಿಲ್ಲ. ಗಾಜಿಗೆ ಬೆರಳಿಟ್ಟು, “ತಪ್ಪು ತಿಳ್ಕೋಬ್ಯಾಡಿ ಅಮ್ಮಾ. ಆ ಬಸ್ಸಿನ ಕಿಟಕಿ ಸರಿಯಿಲ್ಲ. ಮಳೆ ಬಂದ್ರೆ ನೀರೆಲ್ಲ ಒಳಕ್ಕೇ ಬತ್ತದೆ,” ಅಂದರು.

ಆಟದ ಬಸ್ಸಿಗೆ ಮಳೆಯ ಚಿಂತೆ ಮಾಡುವ ಮನುಷ್ಯನನ್ನು ಬೈಯುವುದಾದರೂ ಹೇಗೆ? ಒಳಗೆ ಕರೆದು ಕುರ್ಚಿ ಕೊಟ್ಟೆ.

ಮುನಿಆಂಜನಪ್ಪನವರು ಗರುಡಾಚಾರ್‌ಪಾಳ್ಯದ ಹಳಬರು. ಅಪ್ಪನ ಕಾಲದಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದ ಹೊಲದ ಮೇಲೆ ಕಾರ್ಖಾನೆಗಳು ಎದ್ದವು. ಅವುಗಳಲ್ಲೊಂದು ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡು. ಹದಿನೇಳನೇ ವಯಸ್ಸಿಗೆ ಅಲ್ಲಿ ಸೇರಿ, ಬಣ್ಣ ಬಳಿಯುವುದು, ಅಕ್ಷರ ಬರೆಯುವುದು ಅಂತ ಮೂವತ್ತು ವರ್ಷ ದುಡಿದರು. ಆಮೇಲೆ ಶೆಡ್ಡಿಗೆ ಬೀಗ ಬಿತ್ತು. ಮಗಳು ಯಮುನಾಳನ್ನು ಹಲಸೂರಿಗೆ ಕೊಟ್ಟಿದ್ದರು. ಮೊಮ್ಮಗಳನ್ನು ಮೂರು ಗಂಟೆಗೆ ಶಾಲೆಯಿಂದ ಕರೆತರುವುದು ಇವರ ಪಾಲಿನ ಕೆಲಸ. ಮೂರು ಗಂಟೆಯ ಕೆಲಸಕ್ಕೆ ಹತ್ತು ಗಂಟೆಗೇ ಬಂದುಬಿಡುತ್ತಿದ್ದರು. “ಮನೇಲಿ ಕೂತ್ರೆ ಕೈ ತುರಿಸ್ತವೆ ಅಮ್ಮಾ,” ಅನ್ನುತ್ತಿದ್ದರು.

ಆ ಬಸ್ಸಿನ ಆಟಕ್ಕೆ ಒಂದು ವಿಶೇಷವಿತ್ತು. ಆಟ ಕಂಪನಿಯದಾದರೂ, ಅದರೊಳಗೆ ಓಡುವ ಬಸ್ಸುಗಳನ್ನು ಆಡುವವರೇ ಮಾಡಿ ಸೇರಿಸಬಹುದಿತ್ತು. ಇದಕ್ಕೆ ಇಂಗ್ಲಿಷಿನಲ್ಲಿ ‘ಮಾಡ್’ ಅನ್ನುತ್ತಾರೆ. ಪ್ರಪಂಚದ ಎಲ್ಲೆಲ್ಲಿಯವರೋ ತಮ್ಮ ಊರಿನ ಬಸ್ಸು ಮಾಡಿ ಒಂದು ವೆಬ್‌ಸೈಟಿನಲ್ಲಿ ಇಡುತ್ತಿದ್ದರು, ಬೇಕಾದವರು ಇಳಿಸಿಕೊಳ್ಳುತ್ತಿದ್ದರು. ಅದನ್ನು ಕೇಳಿದ ದಿನ ಮುನಿಆಂಜನಪ್ಪನವರ ಮುಖ ನೋಡಬೇಕಿತ್ತು. ಇಂಗ್ಲೆಂಡಿನವನೊಬ್ಬ ಮಾಡಿದ ಎರಡಂತಸ್ತಿನ ಬಸ್ಸು ಅವರ ಕಣ್ಣಿಗೆ ಬಿತ್ತು.

“ಇದ್ನ ನಮ್ ಶಿವಾಜಿನಗರದ ಕೆಂಪು ಬಸ್ ಮಾಡ್ಬೌದಲ್ವಾ?”

“ಮಾಡ್ಬಹುದು. ಆದ್ರೆ ನಿಮಗೆ ಮೌಸ್ ಹಿಡಿಯೋಕೇ ಬರಲ್ವಲ್ಲ.”

“ಕುಂಚ ಹಿಡ್ಯಕ್ಕೂ ಬತ್ತಿರ್ಲಿಲ್ಲ ಅಮ್ಮಾ, ಹದಿನೇಳಕ್ಕೆ.”

ನಾಲ್ಕನೇ ನಂಬರಿನ ಕಂಪ್ಯೂಟರ್ ಬಿಟ್ಟುಕೊಟ್ಟೆ. ಆದರೆ ಕೆಲಸ ಶುರು ಮಾಡುವ ಮೊದಲು ಅವರು ಒಂದು ಪ್ರಶ್ನೆ ಕೇಳಿದರು. ಬಸ್ಸಿನ ಜೊತೆ ಒಂದು ಚಿಕ್ಕ ಬರಹ ಬಂದಿತ್ತು. ಅದರಲ್ಲಿ ಏನಿದೆ, ಓದಿ ಹೇಳಿ ಅಂದರು. ಅವರಿಗೆ ಇಂಗ್ಲಿಷ್ ಅಕ್ಷರ ಬರೆಯಲು ಬರುತ್ತಿತ್ತು, ಶೆಡ್ಡಿನಲ್ಲಿ ಬೋರ್ಡು ಬರೆದು ಬರೆದು ಅಭ್ಯಾಸ. ಓದಿ ಅರ್ಥ ಮಾಡಿಕೊಳ್ಳಲು ಬರುತ್ತಿರಲಿಲ್ಲ.

ನಾನು ಓದಿ ಹೇಳಿದೆ: ಇದು ನಾನು ಎರಡು ವರ್ಷ ಕೂತು ಮಾಡಿದ ಬಸ್ಸು. ನಿಮ್ಮ ಸಂತೋಷಕ್ಕೆ ಹೇಗೆ ಬೇಕಾದರೂ ತಿದ್ದಿಕೊಳ್ಳಿ. ತಿದ್ದಿದ್ದನ್ನು ನಾಲ್ಕು ಜನಕ್ಕೆ ಹಂಚಬೇಕು ಅನ್ನಿಸಿದರೆ ಮಾತ್ರ ಮೊದಲು ನನಗೆ ಬರೆಯಿರಿ, ನನ್ನ ಉತ್ತರಕ್ಕೆ ಕಾಯಿರಿ. ಇಷ್ಟೇ.

“ಏನ್ ಜಂಬ ನೋಡಿ ಇವನದು. ಪುಕ್ಕಟೆ ಇಟ್ಟಮೇಲೆ ಕೇಳೋದೇನು, ಕಾಯೋದೇನು!” ಅಂದೆ ನಾನು.

ಅವರು ತಲೆಯಾಡಿಸಿದರು. “ಇಲ್ಲ ಅಮ್ಮಾ, ಸರಿಯಾಗೇ ಹೇಳವ್ನೆ. ಮೇಸ್ತ್ರಿ ಅವ್ನು.”

ಶೆಡ್ಡಿನ ಪದ್ಧತಿಯನ್ನು ಅವತ್ತು ಹೇಳಿದರು. ಅಕ್ಷರ ಬರೆಯುವ ಪ್ರತಿಯೊಬ್ಬ ಮೇಸ್ತ್ರಿಯೂ ತನ್ನ ಅಕ್ಷರಗಳನ್ನು ತಗಡಿನಲ್ಲಿ ತಾನೇ ಕತ್ತರಿಸಿ ಅಚ್ಚು ಮಾಡಿಕೊಳ್ಳುತ್ತಿದ್ದ. ಗೋಡೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೊಳೆ. ಇನ್ನೊಬ್ಬನ ಅಚ್ಚು ಬೇಕಾದರೆ ಟೀ ಹೊತ್ತಿನಲ್ಲಿ ಎಲ್ಲರೆದುರು ಅವನ ಹೆಸರು ಹಿಡಿದು ಕೇಳಬೇಕು. ಅವನು ರಜೆಯಲ್ಲಿದ್ದರೆ ಅಚ್ಚು ಮೊಳೆಯಲ್ಲೇ ಇರುತ್ತದೆ, ಕೆಲಸ ನಿಂತರೂ ಸರಿಯೇ. ರಾಮಾಂಜಿನಪ್ಪ ಅನ್ನುವ ಹಿರಿಯ ಮೇಸ್ತ್ರಿ ತೀರಿಕೊಂಡಾಗ ಅವನ ಅಚ್ಚುಗಳನ್ನು ನಲವತ್ತು ದಿನ ಯಾರೂ ಮುಟ್ಟಲಿಲ್ಲವಂತೆ. ಕೊನೆಗೆ ಇಬ್ಬರು ಅವನ ಮನೆಗೆ ಹೋಗಿ ಹೆಂಡತಿಯನ್ನು ಕೇಳಿದರಂತೆ. ಆಕೆ ಶೆಡ್ಡಿಗೇ ಬಂದು, ಒಂದೊಂದು ಅಚ್ಚನ್ನೂ ಸೆರಗಿನಿಂದ ಒರೆಸಿ, ತಗೊಳ್ರಪ್ಪ ಅಂದಳಂತೆ.

“ಆ ಇಬ್ರಲ್ಲಿ ನಾನೊಬ್ಬ,” ಅಂದರು ಮುನಿಆಂಜನಪ್ಪನವರು.

ಎಂಟು ತಿಂಗಳು ಕೆಲಸ ನಡೆಯಿತು. ಮೌಸ್ ಹಿಡಿದ ಕೈ ನಡುಗುತ್ತದೆ ಅಂತ ಮನೆಯಿಂದ ಒಂದು ಕೋಲು ತಂದರು. ಅಕ್ಷರ ಬರೆಯುವಾಗ ಮಣಿಕಟ್ಟಿಗೆ ಆಸರೆ ಕೊಡುವ ಕೋಲದು. ಅದನ್ನು ಮೇಜಿಗೆ ಅಡ್ಡ ಇಟ್ಟು, ಅದರ ಮೇಲೆ ಕೈಯಿಟ್ಟು ಕೂರುತ್ತಿದ್ದರು. ನೋಡಿದವರೆಲ್ಲ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ‘ಶಿವಾಜಿನಗರ’ದ ಶಿ ಅಕ್ಷರದ ಗುಡಿಸಿಗೇ ನಾಲ್ಕು ದಿನ ಹಿಡಿಯಿತು. ಕಿಟಕಿ ಸರಿಮಾಡುವುದನ್ನು ಬೇರೆಯದೇ ತಂತ್ರಾಂಶದಲ್ಲಿ ಕಲಿತರು. ಹಿಂದಿನ ಬಾಗಿಲ ಹತ್ತಿರ, ಹತ್ತುವವರ ಕಾಲು ತಾಗಿ ಬಣ್ಣ ಸವೆದ ಗುರುತು. ಕಂಡಕ್ಟರ್ ಒರಗುವ ಕಂಬಿ ಮಾತ್ರ ಉಜ್ಜಿ ಉಜ್ಜಿ ಬೆಳ್ಳಗೆ.

“ಇಷ್ಟೆಲ್ಲ ಯಾರು ನೋಡ್ತಾರ್ರೀ?” ಅಂದರೆ, ಅವರು ಹೇಳಿದರು. “ಮೂವತ್ತು ವರ್ಸ ಬರ್ದೆ ಅಮ್ಮಾ. ಆ ಬಸ್ಸೆಲ್ಲ ಗುಜರಿಗೆ ಹೋದ್ವು. ಶೆಡ್ಡೂ ಇಲ್ಲ. ನಾನ್ ಬರ್ದಿದ್ದು ಅಂತ ತೋರ್ಸಕ್ಕೆ ಒಂದ್ ಅಕ್ಷರ ಉಳಿದಿಲ್ಲ.”

ಈ ಬಸ್ಸು ಹೊರಗೆ ಬರಲೇಬೇಕು, ಅವರ ಹೆಸರಿನಲ್ಲೇ ಬರಬೇಕು ಅಂತ ಅವತ್ತು ನಾನು ಹಟ ಹಿಡಿದೆ. ಆ ಹಟವೇ ಕೆಲಸ ಕೆಡಿಸಿತು.

ಫೆಬ್ರವರಿಯಲ್ಲಿ ಬಸ್ಸು ಮುಗಿಯಿತು. ಇಂಗ್ಲೆಂಡಿನ ಮೇಸ್ತ್ರಿಗೆ ಕಾಗದ ಬರೆದೆವು. ಮುನಿಆಂಜನಪ್ಪನವರು ಹೇಳಿದರು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಅವರಿಗೆ ಇಮೇಲ್ ಇರಲಿಲ್ಲ, ನನ್ನ ಅಂಗಡಿಯದರಿಂದಲೇ ಹೋಯಿತು. ಮಾರನೇ ದಿನದಿಂದ ಶುರು.

“ಉತ್ರ ಬಂತಾ ಅಮ್ಮಾ?”

“ಇಲ್ಲ ಯಜಮಾನ್ರೇ.”

ದಿನಾ ಇದೇ. ಒಂದು ವಾರ, ಎರಡು ವಾರ. ನಾಲ್ಕನೇ ವಾರ ಮತ್ತೆ ಬರೆದೆವು, ಅದಕ್ಕೂ ಉತ್ತರವಿಲ್ಲ. ಅವರಿಗೆ ಬೇಸರವಾಗುತ್ತಿತ್ತೋ ಇಲ್ಲವೋ, ನನಗಂತೂ ಮೈ ಉರಿಯುತ್ತಿತ್ತು. ಆರನೇ ವಾರ ಅವರು, “ಅವ್ನಿಗೆ ಇಷ್ಟ ಇಲ್ವೇನೋ. ಬಿಟ್ಬಿಡನ ಬಿಡಿ,” ಅಂದು ಆಸರೆ ಕೋಲನ್ನು ಚೀಲಕ್ಕೆ ಹಾಕಿಕೊಂಡರು. ಮನೆಗೆ ವಾಪಸ್ ಒಯ್ಯಲು.

ಆ ಕೋಲು ಚೀಲದೊಳಗೆ ಹೋಗಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವರು ಮೆಟ್ಟಿಲು ಹತ್ತುವ ಮೊದಲೇ ಕೂಗಿದೆ. “ಬಂತು ರೀ! ಉತ್ತರ ಬಂತು! ಒಪ್ಪಿದಾರೆ!”

ಬಂದಿರಲಿಲ್ಲ. ಏನೂ ಬಂದಿರಲಿಲ್ಲ.

ಅವರು ಮೆಟ್ಟಿಲ ಮೇಲೇ ನಿಂತು ಎರಡೂ ಕೈ ಜೋಡಿಸಿದರು. ನನಗಲ್ಲ, ಎಲ್ಲೋ ಇರುವ ಆ ಮೇಸ್ತ್ರಿಗೆ. ವೆಬ್‌ಸೈಟಿಗೆ ಬಸ್ಸು ಏರಿಸುವಾಗ ಒಂದು ಪ್ರಶ್ನೆ ಬರುತ್ತದೆ. ಬೇರೆಯವರ ಕೆಲಸ ಬಳಸಿದ್ದೀರಾ, ಅವರ ಅನುಮತಿ ಇದೆಯಾ ಅಂತ. ಇದೆ ಅಂತ ಗುರುತು ಹಾಕಿದೆ. ಆರು ವಾರ ಸುಮ್ಮನಿರುವವನು ಇನ್ನು ಬಾಯಿ ಬಿಡುತ್ತಾನಾ ಅನ್ನುವುದು ನನ್ನ ಲೆಕ್ಕಾಚಾರ.

ಬಸ್ಸು ಓಡಿತು ನೋಡಿ! ದಿನಾ ಬೆಳಿಗ್ಗೆ ಜನ ಬರೆದಿದ್ದನ್ನು ನಾನು ಓದಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಬ್ಬ ಬರೆದಿದ್ದ, ನಮ್ಮಪ್ಪ ಕಂಡಕ್ಟರ್ ಆಗಿದ್ದವರು, ಆ ಬೆಳ್ಳಗಾದ ಕಂಬಿಯನ್ನು ನೋಡಿ ಇದು ನನ್ನ ಬೆನ್ನು ತಾಗಿದ ಜಾಗ ಅಂದರು ಅಂತ. ಮುನಿಆಂಜನಪ್ಪನವರು ಅದನ್ನು ಮೂರು ಸಲ ಓದಿಸಿದರು.

ಹದಿನೆಂಟು ದಿನ ಹೀಗೆ ಕಳೆಯಿತು. ಹತ್ತೊಂಬತ್ತನೇ ದಿನ ವೆಬ್‌ಸೈಟು ತೆರೆದರೆ ಬಸ್ಸು ಇರಲಿಲ್ಲ. ಅದರ ಜಾಗದಲ್ಲಿ ಕೆಂಪು ಅಕ್ಷರದಲ್ಲಿ ಒಂದು ಸಾಲು. ಕೇಳದೆ ತೆಗೆದುಕೊಂಡದ್ದು ಅಂತ. ಕೆಳಗೆ ಅವರ ಹೆಸರು, ಇಂಗ್ಲಿಷಿನಲ್ಲಿ. ಅದರ ಕೆಳಗೆ ಇಂಗ್ಲೆಂಡಿನವನ ಮಾತು. ನಾನು ಯಾರಿಗೂ ಅನುಮತಿ ಕೊಟ್ಟಿಲ್ಲ. ಕೊಟ್ಟ ಕಾಗದ ಇದ್ದರೆ ತೋರಿಸಲಿ.

ಮುಚ್ಚಿಡಲು ನೋಡಿದೆ, ಆದರೆ ತಮ್ಮ ಹೆಸರಿನ ಅಕ್ಷರಗಳು ಅವರಿಗೆ ಗೊತ್ತಲ್ಲ. “ನನ್ ಹೆಸ್ರು ಕೆಂಪಲ್ಲಿ ಯಾಕೈತೆ?” ಅಂದರು. ಓದಿ ಹೇಳಬೇಕಾಯಿತು. ಅವರು ಗಾಬರಿಯಾಗಲೇ ಇಲ್ಲ. ನಕ್ಕುಬಿಟ್ಟರು.

“ಪಾಪ, ಮರ್ತವ್ನೆ. ವಯಸ್ಸಾಗಿರ್ಬೇಕು. ಆ ಕಾಗ್ದ ತೋರ್ಸಿಬಿಡಿ ಅಮ್ಮಾ.”

ನಾನು ಕೀಲಿಮಣೆಯನ್ನೇ ನೋಡುತ್ತ ಕೂತೆ.

“ತೋರ್ಸಿ ಅಮ್ಮಾ. ಐತಲ್ಲ ನಿಮ್ ತಾವ.”

“ಇಲ್ಲ ಯಜಮಾನ್ರೇ. ಕಾಗದ ಬಂದೇ ಇರ್ಲಿಲ್ಲ. ನಾನೇ ಸುಳ್ಳು ಹೇಳ್ಬಿಟ್ಟೆ.”

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಕೋಲು ತೆಗೆದುಕೊಂಡರು, ಮೆಟ್ಟಿಲಿಳಿದರು. ಇನ್ನೂ ಹನ್ನೊಂದು ಗಂಟೆ. ಶಾಲೆಯ ಗೇಟಿನ ಎದುರು ಬಿಸಿಲಲ್ಲಿ ಮೂರು ಗಂಟೆಯವರೆಗೂ ನಿಂತಿದ್ದರಂತೆ, ಆಮೇಲೆ ಯಮುನಾ ಹೇಳಿದಳು. ಆ ವಾರ ಅವರು ನನ್ನ ಗಲ್ಲಿಗೇ ಕಾಲಿಡಲಿಲ್ಲ.

ಎಂಟನೇ ದಿನ ಅಂಗಡಿಗೆ ಬೀಗ ಹಾಕಿ ಗರುಡಾಚಾರ್‌ಪಾಳ್ಯದ ಬಸ್ಸು ಹತ್ತಿದೆ. ಅವರು ಮನೆ ಮುಂದೆ ತಗಡಿನ ಅಚ್ಚುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕೂತಿದ್ದರು. ಹೆಂಡತಿ ಚಿಕ್ಕಮುನಿಯಮ್ಮ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಮಕ್ಕಳಾಟ ಆಡ್ಸಿದ್ದು ನೀನೇನಾ? ಊಟ ಬಿಟ್ಟವ್ರೆ,” ಅಂದು ಒಳಗೆ ಹೋದರು.

ಕ್ಷಮಿಸಿ ಅಂದೆ. ನಿಮ್ಮ ಬಸ್ಸು ಜನ ನೋಡಲಿ ಅಂತ ಮಾಡಿದೆ, ನಿಮ್ಮ ಮುಖ ನೋಡಲಾಗಲಿಲ್ಲ ಅಂತ ಏನೇನೋ ಹೇಳಿದೆ. ಮುನಿಆಂಜನಪ್ಪನವರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

“ಅವ್ನು ಇಲ್ಲ ಅಂದಿದ್ರೆ ನಂಗೇನೂ ಬೇಜಾರಿರ್ಲಿಲ್ಲ ಅಮ್ಮಾ. ಕೇಳೋದು ಅಂದ್ರೇನು? ಅವ್ನು ಇಲ್ಲ ಅನ್ಬೌದು ಅಂತ ತಾನೆ ಕೇಳೋದು? ಇಲ್ಲ ಅನ್ನೋದು ಅವನ ಸ್ವತ್ತು. ಬಸ್ಸಿಗಿಂತ ಮುಂಚೆ ಅದ್ನ ಕಿತ್ಕೊಂಡ್ರಿ ನೀವು.”

ನನಗೆ ಅಳು ಬಂತು. ಅತ್ತೆ. ಅವರು ಬಟ್ಟೆ ಕೊಡಲು ಬಂದರು, ಅದರ ತುಂಬ ಸೀಮೆಎಣ್ಣೆ. ಅಳುವಿನ ನಡುವೆಯೂ ಇಬ್ಬರಿಗೂ ನಗು ಬಂದುಬಿಟ್ಟಿತು.

ಮಾರನೇ ದಿನ ಬಂದು ಕಾಗದ ಬರೆಸಿದರು. ತಪ್ಪು ಮಾಡಿದವಳು ನಾನು, ನನ್ನ ಹೆಸರು ಹಾಕುತ್ತೇನೆ ಅಂತ ಗಲಾಟೆ ಮಾಡಿದೆ. ಒಪ್ಪಲಿಲ್ಲ. “ಬಸ್ಸಿನ ಮ್ಯಾಲೆ ಇದ್ದಿದ್ದು ನನ್ ಹೆಸ್ರು. ನಾನೇ ಹೇಳ್ಬೇಕು.” ಕಾಗದ ಹೀಗಿತ್ತು: ಕೇಳಿದೆ. ಕಾಯಬೇಕಿತ್ತು, ಕಾಯಲಿಲ್ಲ. ತಪ್ಪು. ಬಸ್ಸು ನಿಮ್ಮದು, ಬಣ್ಣ ಮಾತ್ರ ನನ್ನದು. ನೀವು ಬೇಡ ಅಂದರೆ ಇದು ಈ ಅಂಗಡಿಯ ನಾಲ್ಕನೇ ನಂಬರಿನಲ್ಲೇ ಇರುತ್ತದೆ.

ಇನ್ನೆರಡು ಮಾತು ಸೇರಿಸಿ ಅವನ ಕರುಳು ಹಿಂಡೋಣ ಅಂತ ನನ್ನ ಬೆರಳು ತುರಿಸುತ್ತಿತ್ತು. ಶೆಡ್ಡಿನ ಕಥೆ, ಗುಜರಿಯ ಕಥೆ. ಸೇರಿಸಲಿಲ್ಲ. ಅವರು ಹೇಳಿದ್ದಷ್ಟನ್ನೇ ಟೈಪ್ ಮಾಡಿ ಕಳಿಸಿದೆ.

ಉತ್ತರ ಹನ್ನೊಂದು ದಿನಕ್ಕೆ ಬಂತು. ನಮ್ಮ ಹಳೆಯ ಎರಡು ಕಾಗದಗಳೂ ಅವನ ಇಮೇಲ್ ಪೆಟ್ಟಿಗೆಯಲ್ಲಿ ಜಾಹೀರಾತುಗಳ ರಾಶಿಗೆ ಬಿದ್ದಿದ್ದವಂತೆ. ಹುಡುಕಿ ತೆಗೆದು ಓದಿದನಂತೆ. ನೀವು ಕೇಳಿದ್ದು ನಿಜ, ಕೆಂಪು ಸಾಲನ್ನು ತೆಗೆಯಲು ಹೇಳಿದ್ದೇನೆ, ಈಗ ಹೌದು ಅನ್ನುತ್ತೇನೆ ಅಂತ ಬರೆದಿದ್ದ.

ಈ ಸಲ ಮುನಿಆಂಜನಪ್ಪನವರು ನನ್ನ ಬಾಯಿಮಾತು ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ. ಪರದೆಯ ಹತ್ತಿರ ಬಗ್ಗಿ, “ಹೌದು ಅನ್ನೋ ಪದ ಯಾವ್ದು ಇದ್ರಾಗೆ?” ಅಂದರು. ಬೆರಳಿಟ್ಟು ತೋರಿಸಿದೆ. ಮೂರೇ ಅಕ್ಷರ. ಕನ್ನಡಕ ಒರೆಸಿಕೊಂಡು ಆ ಮೂರು ಅಕ್ಷರಗಳನ್ನೇ ಬಹಳ ಹೊತ್ತು ನೋಡಿದರು. ನಾನು ಅದನ್ನು ಪ್ರಿಂಟ್ ತೆಗೆದು ಕೊಟ್ಟೆ. ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು.

ಬಸ್ಸು ಮತ್ತೆ ಏರಿತು. ಎರಡನೇ ಸಲ ಅಷ್ಟು ಹೊಗಳಿಕೆ ಬರಲಿಲ್ಲ. ಜನ ಬೇರೆ ಬಸ್ಸು ಹತ್ತಿ ಹೋಗಿದ್ದರು. ಅವರಿಗೆ ಅದರ ಚಿಂತೆಯಿರಲಿಲ್ಲ. ಬಸ್ಸಿನ ಜೊತೆ ಇಡುವ ಚಿಕ್ಕ ಬರಹಕ್ಕೆ ಮಾತ್ರ ಒಂದು ಇಡೀ ದಿನ ತೆಗೆದುಕೊಂಡರು. ಕೊನೆಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೀಗೆ ಹಾಕಿದೆವು: ಬಸ್ಸು ಇಂಗ್ಲೆಂಡಿನ ಮೇಸ್ತ್ರಿಯದು, ಕೇಳಿ ತಗೊಂಡಿದ್ದು. ಬಣ್ಣ ಮುನಿಆಂಜನಪ್ಪನದು, ಬೇಕಾದವರು ಕೇಳಿ ತಗೊಳ್ಳಿ. ನಾನಿಲ್ಲದಿದ್ದರೆ ಮನೆಯವರನ್ನು ಕೇಳಿ.

ಅವರು ೨೦೦೮ರ ಕಾರ್ತಿಕದಲ್ಲಿ ಹೋದರು. ವರ್ಷಾನುಗಟ್ಟಲೆ ಬಣ್ಣಕ್ಕೆ ಬೆರೆಸುವ ತಿನ್ನರ್ ವಾಸನೆ ಕುಡಿದ ಎದೆ, ಮೂರು ದಿನದ ಜ್ವರವನ್ನೂ ತಾಳಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಚಿಕ್ಕಮುನಿಯಮ್ಮ ನನ್ನ ಕಡೆ ನೋಡಲಿಲ್ಲ, ನನಗೂ ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

ಎರಡು ವರ್ಷ ಕಳೆಯಿತು. ಹಲಸೂರಿನಲ್ಲಿ ಮೆಟ್ರೋ ಕಂಬಗಳು ಎದ್ದವು, ಧೂಳು ತಿಂದು ತಿಂದು ನನ್ನ ಎರಡು ಕಂಪ್ಯೂಟರ್ ಸತ್ತವು. ಮನೆಮನೆಗೆ ಇಂಟರ್ನೆಟ್ ಬಂದು ಕೆಫೆಗೆ ಬರುವವರೂ ಕಡಿಮೆಯಾದರು. ಅಂಥದ್ದರಲ್ಲಿ ಒಂದು ಕಾಗದ ಬಂತು. ಶಿವಾನಿ ಅಂತ, ಧಾರವಾಡದ ಹುಡುಗಿ. ಶಿವಾಜಿನಗರದಿಂದ ಕೆ.ಆರ್.ಪುರದವರೆಗೆ ಇಡೀ ದಾರಿಯನ್ನು ಆಟಕ್ಕೆ ಕಟ್ಟುತ್ತಿದ್ದೇನೆ, ಅದರಲ್ಲಿ ಮುನಿಆಂಜನಪ್ಪನವರ ಕೆಂಪು ಬಸ್ಸು ಓಡಿಸಲು ಆಸೆ, ಇಂಗ್ಲೆಂಡಿನವರನ್ನು ಕೇಳಿ ಆಯಿತು, ಇನ್ನು ನಿಮ್ಮ ಒಪ್ಪಿಗೆ ಬೇಕು ಅಂತ ಬರೆದಿದ್ದಳು.

ಇಮೇಲ್ ನನ್ನದು. ಬೆರಳು ನನ್ನದು. ಹೌದು ಅಂತ ಬರೆಯಲು ಒಂದು ನಿಮಿಷ ಸಾಕಿತ್ತು, ಯಾರೂ ಕೇಳುತ್ತಿರಲಿಲ್ಲ. ಅವರಿದ್ದಿದ್ದರೆ ಕುಣಿದಾಡುತ್ತಿದ್ದರು ಅನ್ನುವುದೂ ನನಗೆ ಗೊತ್ತಿತ್ತು. ಅಂಗಡಿಗೆ ಬೀಗ ಹಾಕಿ ಗರುಡಾಚಾರ್‌ಪಾಳ್ಯದ ಬಸ್ಸು ಹತ್ತಿದೆ.

ಚಿಕ್ಕಮುನಿಯಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಅಚ್ಚುಗಳು ಗೋಡೆಯ ಮೊಳೆಯಲ್ಲಿದ್ದವು. ನಾನು ಕೂರದೆ, ನಿಂತೇ ಎಲ್ಲ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಹೋದ್ ಸಲ ನೀನೇ ಹೂಂ ಅಂದ್ಬಿಟ್ಟಿದ್ದೆ ಅಂತಲ್ಲ.”

ಆ ವಿಷಯ ಮುನಿಆಂಜನಪ್ಪನವರು ಯಾರಿಗೂ ಬಿಟ್ಟುಕೊಟ್ಟಿಲ್ಲ ಅಂದುಕೊಂಡಿದ್ದೆ. ಹೆಂಡತಿಗೆ ಹೇಳಿದ್ದರು.

“ಹೌದಮ್ಮ. ನಾನೇ.”

“ಈಗ ನಾನು ಇಲ್ಲ ಅಂದ್ರೆ?”

“ಇಲ್ಲ ಅಂತಲೇ ಬರೀತೀನಿ.”

“ಆ ಹುಡ್ಗಿ ಬೇಜಾರ್ ಮಾಡ್ಕೊಂಡ್ರೆ?”

“ಮಾಡ್ಕೊಳ್ಲಿ.”

ಆಗ ತಲೆಯೆತ್ತಿ ನೋಡಿದರು. “ಮಂಗಳವಾರ ಬಾ. ಯೋಚ್ನೆ ಮಾಡಿ ಹೇಳ್ತೀನಿ.”

ಅವತ್ತು ಗುರುವಾರ. ಹಿಂತಿರುಗಿ ಶಿವಾನಿಗೆ ಬರೆದೆ. ಮನೆಯವರನ್ನು ಕೇಳಿದ್ದೇನೆ, ಯೋಚಿಸುತ್ತಿದ್ದಾರೆ, ಕಾಯಿರಿ. ‘ಕಾಯ್ತೀನಿ ಆಂಟಿ’ ಅಂತ ಅರ್ಧ ಗಂಟೆಗೆ ಉತ್ತರ ಬಂತು. ಆ ಐದು ದಿನ ನನಗೆ ಅನ್ನ ರುಚಿಸಲಿಲ್ಲ. ಕಾಯುವುದು ಅಂದರೆ ಏನು ಅಂತ ನನಗೆ ಆಗಲೇ ಗೊತ್ತಾಗಿದ್ದು. ಆರು ವಾರ ಆ ಮನುಷ್ಯ ಹೇಗೆ ಕಾದರೋ.

ಮಂಗಳವಾರ ಹೋದರೆ ಚಿಕ್ಕಮುನಿಯಮ್ಮ ಒಳ್ಳೆ ಸೀರೆ ಉಟ್ಟು ಕೂತಿದ್ದರು. ಯಮುನಾಳನ್ನೂ ಹಲಸೂರಿನಿಂದ ಕರೆಸಿಕೊಂಡಿದ್ದರು. ನನಗೆ ಕುರ್ಚಿ ಹಾಕಿ, ಟೀ ಕೊಟ್ಟು, ನಾನು ಕುಡಿದು ಲೋಟ ಇಡುವವರೆಗೂ ಕಾದರು. ಆಮೇಲೆ ಎದ್ದು, ಮೊಳೆಯಿಂದ ಒಂದು ಅಚ್ಚು ತೆಗೆದು ಸೆರಗಿನಲ್ಲಿ ಒರೆಸಿದರು.

“ಮೂವತ್ತೆರಡು ವರ್ಸ ಸಂಸಾರ ಮಾಡ್ದೆ. ಅವ್ರ ಕೆಲ್ಸದ್ ವಿಷ್ಯ ನನ್ನ ಯಾರೂ ಒಂದ್ ಮಾತು ಕೇಳಿರ್ಲಿಲ್ಲ,” ಅಂದರು. “ಕೊಟ್ಟವ್ರೆ ಅಂತ ಬರಿ. ಯಾರ್ ಕೊಟ್ರು ಅಂತಾನೂ ಬರಿ.”

ಅಲ್ಲೇ ಒಂದು ಚೀಟಿಯಲ್ಲಿ ಬರೆದೆ. ಮುನಿಆಂಜನಪ್ಪನವರ ಹೆಂಡತಿ ಚಿಕ್ಕಮುನಿಯಮ್ಮನವರನ್ನು ಕೇಳಿದೆ, ಅವರು ಒಪ್ಪಿದ್ದಾರೆ. ಓದು ಅಂದರು, ಓದಿದೆ. ಇನ್ನೊಂದ್ಸಲ ಅಂದರು.

ಆಮೇಲೆ ಚೀಟಿಯನ್ನು ತಮ್ಮ ಕಡೆ ತಿರುಗಿಸಿಕೊಂಡು, “ನನ್ ಹೆಸ್ರು ಯಾವ್ದು ಇದ್ರಾಗೆ?” ಅಂತ ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ.